ಅಟ್ಟದ ಮೇಲಿರೋ ಹಳೇ ಕ್ಯಾಮೆರಾಗೆ ಮತ್ತೆ ರೀಲ್ ಹಾಕೋದು ಹೇಗೆ

ನಿಮ್ಮನೆ ಅಟ್ಟದಲ್ಲೋ ಬೀರುವಿನ ಕೆಳಗಿನ ಖಾನೇಲೋ ಹಳೇ ರೀಲ್ ಕ್ಯಾಮೆರಾ ಏನಾದ್ರೂ ಸಿಕ್ಕಿದ್ರೆ, ದಯವಿಟ್ಟು ಅದರ ಹಿಂದಿನ ಬಾಗ್ಲನ್ನ ತಕ್ಷಣ ತೆಗೀಬೇಡಿ. ನಾನು ತೆಗೆದೆ. ಸಕಲೇಶಪುರದ ಹತ್ರ ನಮ್ಮ ದೊಡ್ಡಪ್ಪನ ಮನೆ, ಅವ್ರು ಹೋದ್ಮೇಲೆ ಟ್ರಂಕು ಖಾಲಿ ಮಾಡುವಾಗ ದೊಡ್ಡಮ್ಮ "ಇದನ್ನ ನೀನೇ ಇಟ್ಕಳಪ್ಪ, ಇಲ್ಲಿದ್ರೆ ಗುಜರಿಗೆ ಹೋಗುತ್ತೆ" ಅಂತ ಚರ್ಮದ ಕವರ್ ಸಮೇತ ಒಂದು ಪೆಂಟಾಕ್ಸ್ ಕೆ1000 ಕೈಗಿಟ್ರು, ನಾನು ಅಲ್ಲೇ ಜಗಲಿ ಮೇಲೆ ಕೂತು ಎಡಗಡೆ ಇರೋ ರೀವೈಂಡ್ ನಾಬ್ ಮೇಲಕ್ಕೆ ಎಳೆದೆ, ಟಕ್ ಅಂತ ಬಾಗ್ಲು ತೆರ್ಕೊಳ್ತು, ಒಳಗೆ ರೀಲಿತ್ತು. ಮುಚ್ಚೋಷ್ಟರಲ್ಲಿ ಮಧ್ಯಾಹ್ನದ ಬೆಳಕು ಬಿದ್ದಾಗಿತ್ತು. ದೊಡ್ಡಪ್ಪ ಕೊನೇಲಿ ತೆಗೆದ ಫೋಟೋಗಳು ಸುರುಳಿಯ ಹೊರಸುತ್ತಲ್ಲಿ ಇರ್ತವಲ್ಲ, ಅವೆಲ್ಲ ಹೋದ್ವು. ಒಳಸುತ್ತಲ್ಲಿದ್ದ ಐದಾರು ಮಾತ್ರ ಉಳಿದ್ವು, ಅದರಲ್ಲೊಂದರಲ್ಲಿ ನಮ್ಮಜ್ಜಿ ಕಣದಲ್ಲಿ ಬಗ್ಗಿ ಕೈಯಲ್ಲಿ ಕಾಫಿ ಹರವ್ತಾ ಇದಾರೆ, ಮುಖ ಮಸುಕು, ಬಳೆ ಮಾತ್ರ ಸ್ಪಷ್ಟ.

ಹಾಗಾಗಿ ಮೊದ್ಲು ಹೀಗೆ ಮಾಡಿ. ಬಲಗಡೆ ಮೇಲೆ ಫೋಟೋ ಎಣಿಸೋ ಪುಟ್ಟ ಕಿಂಡಿ ಇರುತ್ತೆ, ಬಾಗ್ಲು ತೆಗೆದಾಗ ಅದು ಶುರುವಿನ ಗುರುತಿಗೆ ವಾಪಸ್ ಹೋಗುತ್ತೆ, ಅದು 14 ಅಂತಲೋ 22 ಅಂತಲೋ ತೋರಿಸ್ತಿದ್ರೆ ಒಳಗೆ ರೀಲಿರೋ ಸಾಧ್ಯತೆ ಇದೆ. ಆಮೇಲೆ ರೀವೈಂಡ್ ಹಿಡಿಕೆ ಬಿಡಿಸಿ, ಮೇಲಕ್ಕೆ ಎಳೀದೆ, ಬಾಣದ ಗುರುತಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಸುಮ್ನೆ ತಿರುಗ್ತಾ ಹೋದ್ರೆ ಖಾಲಿ. ಬಿಗಿ ಸಿಕ್ಕಿದ್ರೆ ರೀಲಿದೆ ಅಂತ ಅರ್ಥ, ಕೆಳಗಡೆ ಇರೋ ಸಣ್ಣ ಬಟನ್ ಒತ್ತಿ ಪೂರ್ತಿ ಸುತ್ತಿ, ಬಿಗಿ ಹೋದ್ಮೇಲೂ ಎರಡು ಸುತ್ತು ಹಾಕಿ, ಆಮೇಲೆ ತೆಗೀರಿ. ಎಷ್ಟು ವರ್ಷ ಹಳೇದಾದ್ರೂ ಬಿಸಾಕ್ಬೇಡಿ, ಬ್ಲಾಕ್ ಅಂಡ್ ವೈಟ್ ರೀಲು ತುಂಬಾ ತಾಳುತ್ತೆ, ಕಾಂಟ್ರಾಸ್ಟ್ ಕಮ್ಮಿ ಆಗಿರುತ್ತೆ ಅಷ್ಟೆ. ದೊಡ್ಡಪ್ಪನ ರೀಲು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ರೀಲು, ನಮ್ಮ ದೇಶದಲ್ಲೇ ಫಿಲ್ಮ್ ತಯಾರಾಗ್ತಿದ್ದ ಕಾಲದ್ದು, ಅದರಲ್ಲೇ ಅಜ್ಜಿ ಉಳ್ಕೊಂಡಿದ್ದು.

ಈಗ ಕ್ಯಾಮೆರಾ ಚೆಕ್ ಮಾಡೋಣ. ನಮ್ಮ ಕಡೆ ಕ್ಯಾಮೆರಾಗಳಿಗೆ ಇರೋ ದೊಡ್ಡ ಶತ್ರು ಬೂಷ್ಟು. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಬಾಗ್ಲ ಹಿಂದಿನ ಗೋಡೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತಲ್ಲ, ಲೆನ್ಸ್ ಒಳಗಿನ ಗಾಜಿಗೂ ಹಾಗೇ ಹಿಡಿಯುತ್ತೆ. ಲೆನ್ಸ್ ಕಳಚಿ, ಅಪರ್ಚರ್ (ಲೆನ್ಸೊಳಗೆ ಬೆಳಕು ಬಿಡೋ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಸಣ್ಣ ಧೂಳಿನ ಕಣ ಇದ್ರೆ ತಲೆ ಕೆಡಿಸ್ಕೊಬೇಡಿ, ಫೋಟೋದಲ್ಲಿ ಕಾಣಲ್ಲ. ಜೇಡರ ಬಲೆ ಎಳೆ ಥರ, ಬೇರು ಕವಲೊಡೆದ ಹಾಗೆ ಬಿಳಿ ಗೆರೆ ಕಂಡ್ರೆ ಅದು ಬೂಷ್ಟು. ಅಂಚಲ್ಲಿ ಸ್ವಲ್ಪ ಇದ್ರೆ ಫೋಟೋಗೆ ಏನೂ ಆಗಲ್ಲ, ನಡುವಲ್ಲಿ ಹರಡಿದ್ರೆ ಫೋಟೋ ಮಬ್ಬಾಗುತ್ತೆ, ಬೆಳಕಿಗೆ ಎದುರು ಹಿಡಿದಾಗಂತೂ ಹಾಲು ಚೆಲ್ಲಿದ ಹಾಗೆ ಬರುತ್ತೆ. ಲೆನ್ಸ್ ಬಿಚ್ಚಿ ಕ್ಲೀನ್ ಮಾಡೋಕೆ ಗೊತ್ತಿರೋರ ಹತ್ರ ಕೊಡಿ, ನೀವೇ ಸ್ಕ್ರೂ ಬಿಚ್ಚೋಕೆ ಹೋಗ್ಬೇಡಿ. ಮುಖ್ಯವಾಗಿ ಆ ಚರ್ಮದ ಕವರ್ ಇದೆಯಲ್ಲ, ಎಲ್ಲರ ಮನೇಲೂ ಕ್ಯಾಮೆರಾನ ಜೋಪಾನ ಅಂತ ಅದರಲ್ಲೇ ಇಟ್ಟಿರ್ತಾರೆ, ಆ ಚರ್ಮವೇ ತೇವ ಹೀರ್ಕೊಂಡು ಬೂಷ್ಟಿಗೆ ಮನೆ ಕೊಡೋದು. ಕವರ್ ಬೇರೆ ಇಡಿ, ಕ್ಯಾಮೆರಾ ಬೇರೆ ಇಡಿ. ನುಸಿಗುಳಿಗೆ ಹಾಕಿರೋ ಟ್ರಂಕಲ್ಲೂ ಬೇಡ, ಅದರ ಆವಿ ಕ್ಯಾಮೆರಾಗೆ ಒಳ್ಳೇದಲ್ಲ.

ಆಮೇಲೆ ಹಿಂದಿನ ಬಾಗ್ಲಿನ ಅಂಚಲ್ಲಿ ಇರೋ ಕಪ್ಪು ಸ್ಪಂಜಿನ ಪಟ್ಟಿ ಮುಟ್ಟಿ ನೋಡಿ. ಬೆಳಕು ಒಳಗೆ ಸೋರದೇ ಇರ್ಲಿ ಅಂತ ಅದನ್ನ ಹಾಕಿರ್ತಾರೆ. ಮೂವತ್ತು ನಲ್ವತ್ತು ವರ್ಷ ಆದ್ಮೇಲೆ ಅದು ಡಾಂಬರಿನ ಥರ ಕರಗಿರುತ್ತೆ, ನನ್ನ ಬೆರಳಿಗೆ ಅಂಟಿದ್ದು ಸೋಪಲ್ಲಿ ತೊಳೆದ್ರೂ ಹೋಗ್ಲಿಲ್ಲ, ಸ್ಪಿರಿಟ್ ಹಾಕಿ ಉಜ್ಜಬೇಕಾಯ್ತು. ಹಾಗೇ ಬಿಟ್ರೆ ಫೋಟೋದಲ್ಲಿ ಕಿತ್ತಳೆ ಬಣ್ಣದ ಪಟ್ಟೆ ಬರುತ್ತೆ. ಹಲ್ಲು ಚುಚ್ಚೋ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ ಪೂರ್ತಿ ಕೆರೆದು ತೆಗೀರಿ, ಪುಡಿ ಶಟರ್ (ಕ್ಲಿಕ್ ಮಾಡಿದಾಗ ತೆರೆದು ಮುಚ್ಚೋ ಪರದೆ) ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ, ಆಮೇಲೆ ಆ ಕಾಲುವೆ ಒಳಗೆ ಕಪ್ಪು ಉಲ್ಲನ್ ದಾರ ಅಂಟಿಸಿದ್ರೂ ನಡೆಯುತ್ತೆ. ಹಾಸನದಲ್ಲಿ ಸ್ವೆಟರ್ ದಾರ ಮಾರೋ ಅಂಗಡೀಲಿ ತಗೊಂಡಿದ್ದು ನಾನು, ಇನ್ನೂ ಒಂದು ಕಡೆಯೂ ಬೆಳಕು ಸೋರಿಲ್ಲ.

ಶಟರ್ ನೋಡೋದು ಸುಲಭ. ರೀಲಿಲ್ಲದೆ ಹಿಂದಿನ ಬಾಗ್ಲು ತೆಗೆದು ಕಿಟಕಿ ಕಡೆ ಹಿಡಿದು ಒಂದೊಂದೇ ಸ್ಪೀಡಲ್ಲಿ ಕ್ಲಿಕ್ ಮಾಡಿ, ಚೌಕಾಕಾರವಾಗಿ ಬೆಳಕು ಪೂರ್ತಿ ಕಾಣ್ಬೇಕು. 1 ಸೆಕೆಂಡಿಗಿಟ್ರೆ ನಿಜವಾಗ್ಲೂ ಒಂದು ಸೆಕೆಂಡ್ ತೆರೆದಿರ್ಬೇಕು, ಹಳೇ ಎಣ್ಣೆ ಗಟ್ಟಿಯಾಗಿದ್ರೆ ಎಳ್ಕೊಂಡು ಎಳ್ಕೊಂಡು ಮುಚ್ಚುತ್ತೆ, ಅಂಥದ್ದನ್ನ ಸರ್ವಿಸ್ ಮಾಡಿಸ್ಬೇಕು. ಕೆ1000 ಪೂರ್ತಿ ಮೆಕ್ಯಾನಿಕಲ್, ಒಂದು ಎಲ್‌ಆರ್44 ಬಟನ್ ಸೆಲ್ ಬರೀ ಬೆಳಕು ಅಳೆಯೋ ಮೀಟರಿಗೆ, ಸೆಲ್ ಸತ್ರೂ ಕ್ಯಾಮೆರಾ ಓಡುತ್ತೆ. ಅದಕ್ಕೆ ಮೀಟರ್ ಆಫ್ ಮಾಡೋ ಸ್ವಿಚ್ ಇಲ್ಲ, ಲೆನ್ಸ್ ಕ್ಯಾಪ್ ಹಾಕಿದ್ರೇನೇ ಸೆಲ್ ಉಳಿಯೋದು. ಯಾಶಿಕಾ ಎಲೆಕ್ಟ್ರೋ 35 ಥರದ್ದಾದ್ರೆ ಬ್ಯಾಟರಿ ಬೇಕೇ ಬೇಕು, ಇಲ್ದಿದ್ರೆ ಶಟರ್ 1/500 ಸೆಕೆಂಡಲ್ಲಿ ಮಾತ್ರ ಕೆಲಸ ಮಾಡುತ್ತೆ. ಅದಕ್ಕೆ ಬರ್ತಿದ್ದ ಪಾದರಸದ ಸೆಲ್ ಈಗ ಇಲ್ಲ, ಅಡಾಪ್ಟರ್ ಜೊತೆ 6 ವೋಲ್ಟಿನ ಸಣ್ಣ ಸೆಲ್ ಹಾಕಿ ಓಡಿಸ್ತಾರೆ.

ಮನೇಲಿ ಕ್ಯಾಮೆರಾ ಇಲ್ದೋರು ಕೊಳ್ಳೋಕೆ ಆತುರ ಪಡ್ಬೇಡಿ, ಮೊದ್ಲು ನೆಂಟರಿಷ್ಟರಲ್ಲಿ ಕೇಳಿ. 80, 90ರ ದಶಕದಲ್ಲಿ ಮದುವೆ ಆದೋರ ಮನೇಲಿ ಒಂದು ಯಾಶಿಕಾ ಎಂಎಫ್-2 ಅಥವಾ ಕೊಡಾಕ್ ಕೆಬಿ-10 ಇದ್ದೇ ಇರುತ್ತೆ ಅನ್ನಬಹುದು. ಅವು ಫಿಕ್ಸ್ಡ್ ಫೋಕಸ್, ಅಂದ್ರೆ ಫೋಕಸ್ ನಾವು ಬದಲಾಯ್ಸೋಕಾಗಲ್ಲ, ಬಿಸಿಲಲ್ಲಿ ಚೆನ್ನಾಗಿ ಬರುತ್ತೆ, ಹತ್ರದ್ದು ಬರಲ್ಲ. ಆಗ್ಫಾ ಕ್ಲಿಕ್ ತ್ರೀ ಸಿಕ್ಕಿದ್ರೆ ಅದಕ್ಕೆ ಅಗಲವಾದ 120 ರೀಲು ಬೇಕು, 12 ಚೌಕ ಫೋಟೋ ಬರುತ್ತೆ. ಕಲೀಬೇಕು ಅಂತಿದ್ರೆ ಮಾತ್ರ ಕೆ1000 ಅಥವಾ ನಿಕಾನ್ ಎಫ್‌ಎಂ ಥರ ಮೆಕ್ಯಾನಿಕಲ್ ಕ್ಯಾಮೆರಾ, 50 ಎಂಎಂ ಲೆನ್ಸ್ ಒಂದೇ ಸಾಕು. ಆನ್‌ಲೈನಲ್ಲಿ ಕೊಳ್ಳೋ ಹಾಗಿದ್ರೆ ಲೆನ್ಸಿಗೆ ಟಾರ್ಚ್ ಬಿಟ್ಟ ಫೋಟೋನೂ, 1 ಸೆಕೆಂಡಿನ ಶಟರ್ ವಿಡಿಯೋನೂ ಕೇಳಿ, ಕೊಡಲ್ಲ ಅಂದ್ರೆ ಬಿಟ್ಬಿಡಿ. ದುಡ್ಡನ್ನ ಕ್ಯಾಮೆರಾಗೆ ಸುರೀಬೇಡಿ, ರೀಲಿಗೆ ಹಾಕಿ. ನನ್ನ ಪ್ರಕಾರ ಸಾಧಾರಣ ಕ್ಯಾಮೆರಾದಲ್ಲಿ ಹತ್ತು ರೋಲ್ ತೆಗೆದೋರು, ದುಬಾರಿ ಕ್ಯಾಮೆರಾದಲ್ಲಿ ಒಂದು ರೋಲ್ ತೆಗೆದೋರಿಗಿಂತ ಎಷ್ಟೋ ಮುಂದಿರ್ತಾರೆ.

"ರೀಲು ಈಗ ಎಲ್ಲಿ ಸಿಗುತ್ತೆ, ಕೊಡಾಕ್ ಮುಚ್ಚೋಯ್ತಲ್ಲ" ಅಂತ ತುಂಬಾ ಜನ ಕೇಳ್ತಾರೆ. 2012ರ ಜನವರೀಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿದ್ದು ನಿಜ, ಆದ್ರೆ ಫಿಲ್ಮ್ ತಯಾರಿ ನಿಲ್ಲಲಿಲ್ಲ, 2018ರಲ್ಲಿ ಎಕ್ಟಾಕ್ರೋಮ್ ಅನ್ನೋ ಸ್ಲೈಡ್ ಫಿಲ್ಮನ್ನ ಮತ್ತೆ ತಂದ್ರು, 2024ರಲ್ಲಿ ಪೆಂಟಾಕ್ಸ್ ಕಂಪ್ನಿ ಹೊಸದಾಗೇ ಒಂದು ಫಿಲ್ಮ್ ಕ್ಯಾಮೆರಾ ಬಿಡ್ತು, ಅದರಲ್ಲಿ 36ರ ರೀಲಿಗೆ 72 ಅರ್ಧ ಸೈಜಿನ ಫೋಟೋ ಬರುತ್ತೆ. ಹಾಸನದ ಸ್ಟುಡಿಯೋಗಳಲ್ಲಿ ಹೋಗಿ ಕೇಳಿದ್ರೆ ಸಿಗೋದು ಕಷ್ಟ, ಆನ್‌ಲೈನಲ್ಲಿ ತರಿಸ್ಕೊಬೇಕು. ಕಲರಲ್ಲಿ ಕೊಡಾಕ್ ಗೋಲ್ಡ್ 200, ಅಲ್ಟ್ರಾಮ್ಯಾಕ್ಸ್ 400. ಈ ನಂಬರೇ ಐಎಸ್‌ಒ, ಜಾಸ್ತಿ ಇದ್ದಷ್ಟೂ ಕಮ್ಮಿ ಬೆಳಕಲ್ಲಿ ತೆಗೀಬಹುದು. ಬ್ಲಾಕ್ ಅಂಡ್ ವೈಟಲ್ಲಿ ಇಲ್ಫೋರ್ಡ್ ಎಚ್‌ಪಿ5, ಕೆಂಟ್ಮೀರ್ 400, ಫೋಮಾಪ್ಯಾನ್. ನಮ್ಮಂಥ ಊರಲ್ಲಿ ಇರೋರಿಗೆ ನಾನು ಹೇಳೋದು ಬ್ಲಾಕ್ ಅಂಡ್ ವೈಟ್ 400, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ರೀಲ್ ಹಾಕೋದು ಎರಡು ನಿಮಿಷದ ಕೆಲಸ, ಆದ್ರೆ ಅಲ್ಲೇ ಮೋಸ ಹೋಗೋದು. ನೆರಳಲ್ಲಿ ನಿಂತ್ಕೊಳ್ಳಿ. ಎಡಗಡೆ ಡಬ್ಬಿ ಕೂರ್ಸಿ, ಡಬ್ಬಿಯಿಂದ ಹೊರಗೆ ಚಾಚಿರೋ ಫಿಲ್ಮಿನ ನಾಲಿಗೆನ ಬಲಗಡೆ ಸ್ಪೂಲಿನ ಸೀಳಿಗೆ ತೂರ್ಸಿ, ಎರಡೂ ಕಡೆ ಹಲ್ಲಿಗೆ ಫಿಲ್ಮಿನ ತೂತು ಸರಿಯಾಗಿ ಕೂತ್ಕೊಳ್ಳೋ ತನಕ ರೀಲ್ ಮುಂದೂಡೋ ಲಿವರ್ ಎಳೀರಿ, ಆಮೇಲೆ ಬಾಗ್ಲು ಮುಚ್ಚಿ. ಈಗ ರೀವೈಂಡ್ ಹಿಡಿಕೇನ ಮೆಲ್ಲಗೆ ತಿರುಗ್ಸಿ ಸಡಿಲ ತೆಗೀರಿ, ಇನ್ನೆರಡು ಖಾಲಿ ಕ್ಲಿಕ್ ಮಾಡಿ. ಲಿವರ್ ಎಳೆದಾಗೆಲ್ಲ ಆ ಎಡಗಡೆ ನಾಬ್ ತಾನಾಗೇ ಹಿಂದಕ್ಕೆ ತಿರುಗ್ಬೇಕು, ತಿರುಗಿದ್ರೆ ರೀಲ್ ಓಡ್ತಿದೆ. ತಿರುಗದೇ ಇದ್ದು ನಲ್ವತ್ತು ಕ್ಲಿಕ್ ಆದ್ರೂ ರೀಲ್ ಮುಗೀಲಿಲ್ಲ ಅಂದ್ರೆ ಒಂದು ಫೋಟೋನೂ ಬಿದ್ದಿಲ್ಲ. ಐಎಸ್‌ಒ ಡಯಲ್ಲನ್ನ ಡಬ್ಬಿ ಮೇಲಿನ ನಂಬರಿಗೆ ಇಡೋದನ್ನ ಮರೀಬೇಡಿ, ಹಳೇ ಕ್ಯಾಮೆರಾದಲ್ಲಿ ಅದಕ್ಕೆ ಎಎಸ್‌ಎ ಅಂತ ಬರೆದಿರುತ್ತೆ.

ಬೆಳಕಿನ ಲೆಕ್ಕಕ್ಕೆ ಮೀಟರ್ ಕೆಟ್ಟಿದ್ರೂ ಚಿಂತೆ ಇಲ್ಲ. ಒಳ್ಳೆ ಬಿಸಿಲಲ್ಲಿ ಅಪರ್ಚರ್ 16, ಶಟರ್ ಸ್ಪೀಡು ರೀಲಿನ ಐಎಸ್‌ಒಗೆ ಹತ್ರದ್ದು. ಅಂದ್ರೆ 400ರ ರೀಲಿಗೆ 1/500, 200ರ ರೀಲಿಗೆ 1/250. ಮೋಡ ಮುಚ್ಚಿದ್ರೆ ಅಪರ್ಚರ್ 8, ಮರದ ನೆರಳಲ್ಲಿ 5.6 ಅಥವಾ 4. ಕಲರ್ ನೆಗೆಟಿವ್ ಆಗಿದ್ರೆ ಅನುಮಾನ ಬಂದಾಗ ಒಂದು ಸ್ಟಾಪ್ (ಅಂದ್ರೆ ಎರಡರಷ್ಟು) ಜಾಸ್ತಿನೇ ಬೆಳಕು ಕೊಡಿ. ನೆಗೆಟಿವ್‌ಗೆ ಬೆಳಕು ಹೆಚ್ಚಾದ್ರೆ ತಡ್ಕೊಳ್ಳುತ್ತೆ, ಕಮ್ಮಿಯಾದ್ರೆ ನೆರಳಲ್ಲಿ ಏನೂ ಉಳಿಯಲ್ಲ, ಅದು ಡಿಜಿಟಲ್‌ಗೆ ಪೂರ್ತಿ ಉಲ್ಟಾ.

ಇದನ್ನ ನಮ್ಮ ಊರುಗಳಿಗೆ ಹಚ್ಚಿ ನೋಡಿ. ಕಾಫಿ ತೋಟದೊಳಗೆ ಸಿಲ್ವರ್ ಓಕು, ಹಲಸು ಎಲ್ಲಾ ಸೇರಿ ಹಗಲಲ್ಲೇ ಕತ್ತಲೆ, 400ರ ರೀಲಿಲ್ಲದೆ ಆಗಲ್ಲ, ಕೈಯಲ್ಲಿ ಹಿಡಿದು ತೆಗೆಯೋಕೆ 1/60ಕ್ಕಿಂತ ಕೆಳಗಿಳೀಬೇಡಿ. ಹೂಮಳೆ ಬಿದ್ದು ಒಂದು ವಾರಕ್ಕೆ ಗಿಡ ಪೂರ್ತಿ ಬೆಳ್ಳಗಾಗುತ್ತಲ್ಲ, ಆಗ ಮೀಟರ್ ತುಂಬಾ ಬೆಳಕಿದೆ ಅಂದ್ಕೊಂಡು ಕಮ್ಮಿ ಹೇಳುತ್ತೆ, ಅದು ಎಲ್ಲಾನೂ ಬೂದು ಬಣ್ಣ ಅಂದ್ಕೊಂಡೇ ಲೆಕ್ಕ ಹಾಕೋದು, ಒಂದು ಸ್ಟಾಪ್ ಜಾಸ್ತಿ ಕೊಡಿ. ಮುಳ್ಳಯ್ಯನಗಿರಿಯ ಮಂಜಿಗೂ ಅದೇ ಮಾತು. ಹಳೇಬೀಡಲ್ಲಿ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಆದ್ರೆ ಒಳ್ಳೊಳ್ಳೆ ಶಿಲ್ಪ ಇರೋದು ಹಿಂಭಾಗದ ಪಶ್ಚಿಮದ ಗೋಡೇಲಿ. ಬೆಳಿಗ್ಗೆ ಹೋದ್ರೆ ಅದು ನೆರಳಲ್ಲಿ ಚಪ್ಪಟೆಯಾಗಿ ಕಾಣುತ್ತೆ, ಮಧ್ಯಾಹ್ನ ಮೂರೂವರೆ ಮೇಲೆ ಬಿಸಿಲು ಓರೆಯಾಗಿ ಬಿದ್ದು ಬಳಪದ ಕಲ್ಲಿನ ಒಂದೊಂದು ಮಣಿ, ಒಂದೊಂದು ಬೆರಳೂ ಎದ್ದು ಬರುತ್ತೆ. ನಾನು ಅಲ್ಲಿ ಒಂದು ಮೂಲೆ ಹತ್ರ ಮುಕ್ಕಾಲು ಗಂಟೆ ನಿಂತು ನಾಲ್ಕೇ ಕ್ಲಿಕ್ ಮಾಡ್ದೆ, ನೆರಳು ಆನೆ ಸಾಲಿನಿಂದ ಮೇಲಿನ ಸಾಲಿಗೆ ಏರೋದನ್ನ ನೋಡ್ತಾ. ಒಳಗಡೆ ತುಂಬಾ ಕತ್ತಲೆ, ಟ್ರೈಪಾಡಿಗೆ ಪುರಾತತ್ವ ಇಲಾಖೆ ಅನುಮತಿ ಬೇಕು, ಹೊರಗಡೆನೇ ತೆಗೀರಿ. ಶೆಟ್ಟಿಹಳ್ಳಿ ಚರ್ಚು ಹೇಮಾವತಿ ಹಿನ್ನೀರು ತುಂಬಿದಾಗ ಒಂಥರ, ಬೇಸಿಗೇಲಿ ಇನ್ನೊಂಥರ, ಬ್ಲಾಕ್ ಅಂಡ್ ವೈಟಿಗೆ ಅದಕ್ಕಿಂತ ಒಳ್ಳೆ ಜಾಗ ನಮ್ಮ ಜಿಲ್ಲೇಲಿ ಕಮ್ಮಿ. ಮೂಡಿಗೆರೆಯ ತೋಟದಲ್ಲಿ ತೇಜಸ್ವಿಯವರು ಹಕ್ಕಿಗಳ ಹಿಂದೆ ಬಿದ್ದಿದ್ರಲ್ಲ, ಹಕ್ಕಿ ಫೋಟೋ ರೀಲಲ್ಲಿ ತೆಗೀಬೇಕು ಅಂದ್ರೆ ಎಂಥ ತಾಳ್ಮೆ ಬೇಕು ಅಂತ ಒಂದು ರೋಲ್ ಹಾಕಿ ನೋಡಿದ್ರೆ ಗೊತ್ತಾಗುತ್ತೆ. ಶುರುವಲ್ಲಿ ಹಕ್ಕಿ ಬೇಡ, ಮನುಷ್ಯರು, ಮನೆ, ಕಣ, ಸಂತೆ ಸಾಕು.

ಈಗ ರೀಲ್ ತೊಳೆಯೋ, ಅಂದ್ರೆ ಡೆವಲಪ್ ಮಾಡೋ ವಿಷಯ. ನನ್ನ ಮೊದಲ್ನೇ ಬ್ಲಾಕ್ ಅಂಡ್ ವೈಟ್ ರೋಲನ್ನ ಒಂದು ಲ್ಯಾಬಿಗೆ ಕೊಟ್ಟಿದ್ದೆ, ಅವ್ರು ಅದನ್ನ ಕಲರ್ ಕೆಮಿಕಲ್ಲಲ್ಲಿ ಹಾಕ್ಬಿಟ್ರು. ವಾಪಸ್ ಬಂದಿದ್ದು ಖಾಲಿ ಪಟ್ಟಿ, ಒಂದು ಗೆರೇನೂ ಇಲ್ಲ. ಬ್ಲಾಕ್ ಅಂಡ್ ವೈಟ್ ರೀಲಲ್ಲಿ ಚಿತ್ರ ಅಂದ್ರೇನೇ ಬೆಳ್ಳಿ, ಕಲರ್ ಕೆಮಿಕಲ್ ಕೊನೇಲಿ ಇರೋ ಬೆಳ್ಳಿನೆಲ್ಲ ಕರಗಿಸಿ ತೆಗ್ದುಬಿಡುತ್ತೆ, ಕಲರ್ ರೀಲಲ್ಲಾದ್ರೆ ಬಣ್ಣ ಉಳ್ಕೊಳ್ಳುತ್ತೆ, ಇದರಲ್ಲಿ ಏನೂ ಉಳಿಯಲ್ಲ. ಹಾಗಾಗಿ ಎಲ್ಲಿ ಕೊಟ್ರೂ ಡಬ್ಬಿ ಮೇಲೆ ದಪ್ಪಕ್ಕೆ ಬ್ಲಾಕ್ ಅಂಡ್ ವೈಟ್ ಅಂತ ಬರೆದು ಬಾಯಲ್ಲೂ ಹೇಳಿ. ಕಲರ್ ರೀಲಿಗೆ ಕೆಮಿಕಲ್ 38 ಡಿಗ್ರೀಲಿ ಒಂದಿಷ್ಟೂ ಆಚೀಚೆ ಆಗದ ಹಾಗೆ ಇರ್ಬೇಕು, ಅದನ್ನ ಬೆಂಗಳೂರಿನ ಲ್ಯಾಬಿಗೆ ಕೊರಿಯರ್ ಮಾಡೋದೇ ವಾಸಿ. ಬ್ಲಾಕ್ ಅಂಡ್ ವೈಟ್ ಮಾತ್ರ ಬಚ್ಚಲು ಮನೇಲಿ ನಾವೇ ತೊಳ್ಕೊಬಹುದು, ಅದಕ್ಕೇ ನಾನು ಅದನ್ನೇ ತಗೊಳ್ಳಿ ಅಂದಿದ್ದು.

ಬೇಕಾಗಿರೋದು ಒಂದು ಡೆವಲಪಿಂಗ್ ಟ್ಯಾಂಕು, ಕೈ ತೂರಿಸೋ ಕಪ್ಪು ಚೇಂಜಿಂಗ್ ಬ್ಯಾಗು, ಥರ್ಮಾಮೀಟರು, ಅಳತೆ ಜಾರು, ಡಿ-76 ಡೆವಲಪರ್ ಪುಡಿ (ಚಿತ್ರ ಮೂಡಿಸೋ ಕೆಮಿಕಲ್), ಫಿಕ್ಸರ್ (ಮೂಡಿದ ಚಿತ್ರ ಬೆಳಕಿಗೆ ಹಾಳಾಗದ ಹಾಗೆ ನಿಲ್ಲಿಸೋ ಕೆಮಿಕಲ್). ಕೆಂಪು ದೀಪ ಇದ್ರೆ ಸಾಕು ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ, ಅದು ಪ್ರಿಂಟ್ ಹಾಕೋ ಪೇಪರಿಗೆ, ಫಿಲ್ಮಿಗೆ ಗವ್ವೆನ್ನೋ ಕತ್ತಲೇನೇ ಬೇಕು. ಒಂದು ಹಾಳಾದ ರೀಲ್ ಇಟ್ಕೊಂಡು ಮೊದ್ಲು ಬೆಳಕಲ್ಲಿ, ಆಮೇಲೆ ಕಣ್ಮುಚ್ಚಿ, ಟ್ಯಾಂಕಿನ ಸ್ಪೈರಲ್ಲಿಗೆ (ಫಿಲ್ಮ್ ಸುತ್ತೋ ಚಕ್ರಕ್ಕೆ) ಸುತ್ತೋದನ್ನ ಹತ್ತು ಸಲ ಪ್ರಾಕ್ಟೀಸ್ ಮಾಡಿ. ಸ್ಪೈರಲ್ ಚೂರೂ ಒದ್ದೆ ಇರ್ಬಾರ್ದು, ಬ್ಯಾಗೊಳಗೆ ಕೈ ಬೆವೆತ್ರೂ ಫಿಲ್ಮ್ ಅಂಟ್ಕೊಂಡು ನಿಂತ್ಬಿಡುತ್ತೆ, ಆಗ ಬಲವಂತ ಮಾಡ್ದೆ ಎಲ್ಲಾನೂ ಟ್ಯಾಂಕೊಳಗಿಟ್ಟು ಮುಚ್ಚಿ, ಕೈ ಒರೆಸ್ಕೊಂಡು ಬಂದು ಮತ್ತೆ ಶುರು ಮಾಡಿ.

ಎಚ್‌ಪಿ5 ರೀಲಿಗೆ ಪ್ಯಾಕೆಟ್ಟಲ್ಲಿ ಹೇಳಿದ ಹಾಗೆ ಕರಗಿಸಿಟ್ಟ ಡಿ-76 ದ್ರಾವಣಾನ ಅಷ್ಟೇ ನೀರಿಗೆ ಬೆರೆಸಿ 20 ಡಿಗ್ರೀಲಿ 11 ನಿಮಿಷ. ಬೇಸಿಗೇಲಿ ಹಾಸನದ ನಲ್ಲಿ ನೀರೂ 25 ದಾಟಿರುತ್ತೆ, ಬಕೆಟ್ಟಿಗೆ ಐಸ್ ಹಾಕಿ ಅದರಲ್ಲಿ ಬಾಟಲಿಗಳನ್ನ ನಿಲ್ಸಿ ಇಳಿಸ್ಕೊಳ್ಳಿ. ಚಳಿಗಾಲದ ಬೆಳಿಗ್ಗೆ ಆ ಕೆಲಸಾನೂ ಇಲ್ಲ. ಪ್ರತಿ ನಿಮಿಷದ ಶುರುವಲ್ಲಿ ಟ್ಯಾಂಕನ್ನ ಮೆಲ್ಲಗೆ ನಾಲ್ಕು ಸಲ ತಲೆಕೆಳಗು ಮಾಡಿ, ಗುಳ್ಳೆ ಬಿಡೋಕೆ ಒಂದ್ಸಲ ಕುಟ್ಟಿ. ಆಮೇಲೆ ನೀರಲ್ಲಿ ಅಲ್ಲಾಡ್ಸಿ ಚೆಲ್ಲಿ, ಫಿಕ್ಸರ್ ಹಾಕಿ. ಫಿಕ್ಸರ್ ಎಷ್ಟು ಹೊತ್ತು ಅನ್ನೋದಕ್ಕೆ ಒಂದು ಉಪಾಯ ಇದೆ, ರೀಲಿನ ನಾಲಿಗೆ ತುಂಡು ಕತ್ತರಿಸಿ ಫಿಕ್ಸರಲ್ಲಿ ಹಾಕಿ, ಅದು ತಿಳಿಯಾಗೋಕೆ ಎಷ್ಟು ಹೊತ್ತು ಬೇಕೋ ಅದರ ಎರಡರಷ್ಟು ಕೊಡಿ. ತೊಳೆಯೋಕೆ ನಲ್ಲಿ ಬಿಟ್ಟು ನೀರು ಪೋಲು ಮಾಡೋದು ಬೇಡ, ಟ್ಯಾಂಕ್ ತುಂಬಿ 5 ಸಲ ತಿರುವಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ, ಆಯ್ತು. ಬೋರ್‌ವೆಲ್ ನೀರಾದ್ರೆ ಒಣಗಿದ್ಮೇಲೆ ಬಿಳಿ ಕಲೆ ಕೂರುತ್ತೆ, ಕೊನೇ ಸಲ ಡಿಸ್ಟಿಲ್ಡ್ ವಾಟರಲ್ಲಿ ಅದ್ದಿ ತೆಗೀರಿ. ಹಳೇ ಫಿಕ್ಸರನ್ನ ಬಾವಿ ಹತ್ರ, ದನದ ಕೊಟ್ಟಿಗೆ ಹತ್ರ ಚೆಲ್ಬೇಡಿ, ಅದರಲ್ಲಿ ಬೆಳ್ಳಿ ಇರುತ್ತೆ.

ಮುಚ್ಚಳ ತೆಗೆದು ಒದ್ದೆ ರೀಲನ್ನ ಬಲ್ಬಿಗೆ ಹಿಡಿದಾಗ, ಕಪ್ಪಿರೋದು ಬಿಳಿ, ಬಿಳಿ ಇರೋದು ಕಪ್ಪು, ಒಂದೊಂದೇ ಚೌಕದಲ್ಲಿ ನಿಮ್ಮೂರು ಕಾಣುತ್ತಲ್ಲ, ಅದಕ್ಕೋಸ್ಕರನೇ ನಾನು ಇಷ್ಟೆಲ್ಲಾ ಮಾಡೋದು ಕಣ್ರೀ. ಅಜ್ಜಿಯ ಬಳೆ ನಾನು ಮೊದಲು ನೋಡಿದ್ದು ಹಾಗೇ, ಬಚ್ಚಲು ಮನೇಲಿ, ಬಟ್ಟೆ ಒಣಗ್ಸೋ ಕ್ಲಿಪ್ಪಿಗೆ ನೇತು ಹಾಕ್ತಾ.

ಒಣಗಿದ ಮೇಲೆ ಆರಾರು ಫೋಟೋದ ಪಟ್ಟಿ ಕತ್ತರಿಸಿ ಸ್ಲೀವಲ್ಲಿ ಹಾಕಿ. ಸ್ಕ್ಯಾನರ್ ಇಲ್ದಿದ್ರೆ ಟ್ಯಾಬಲ್ಲಿ ಬಿಳಿ ಸ್ಕ್ರೀನ್ ಹಾಕಿ, ನೆಗೆಟಿವ್‌ನ ಅದರಿಂದ ಎರಡು ಮೂರು ಇಂಚು ಮೇಲಕ್ಕೆ ಹಿಡಿಯೋ ಹಾಗೆ ಮಾಡಿ, ಹತ್ರ ಇಟ್ರೆ ಸ್ಕ್ರೀನಿನ ಚುಕ್ಕಿ ಬರುತ್ತೆ, ಮೇಲಿಂದ ಮೊಬೈಲಲ್ಲೋ ಮ್ಯಾಕ್ರೋ ಲೆನ್ಸ್ ಇರೋ ಡಿಜಿಟಲ್ ಕ್ಯಾಮೆರಾದಲ್ಲೋ ಫೋಟೋ ತೆಗೆದು ಇನ್ವರ್ಟ್ ಮಾಡಿ. ಒಂದೆರಡನ್ನಾದ್ರೂ ಸ್ಟುಡಿಯೋಗೆ ಕೊಟ್ಟು ಪ್ರಿಂಟ್ ಹಾಕ್ಸಿ, ಫೋಟೋದಲ್ಲಿರೋರಿಗೆ ಒಂದು ಕಾಪಿ ಕೊಡಿ.

ಕೊನೇದಾಗಿ ಮಳೆಗಾಲದ ಪಾಡು. ಮೃಗಶಿರ ಹಿಡಿಯೋಕೆ ಮುಂಚೆನೇ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬೀಲಿ ಕ್ಯಾಮೆರಾ, ಲೆನ್ಸು, ನೆಗೆಟಿವ್ ಎಲ್ಲಾ ಹಾಕಿ ಸಿಲಿಕಾ ಜೆಲ್ ಇಡಿ, ಜೊತೆಗೆ ತೇವಾಂಶ ತೋರಿಸೋ ಪುಟ್ಟ ಮೀಟರ್ ಒಂದು, 40ರಿಂದ 50ರ ಒಳಗೆ ಇರ್ಲಿ. ಅಕ್ಕಿ ಹಾಕ್ಬೇಡಿ, ಅದರ ಹುಡಿ ಲೆನ್ಸಿಗೆ ಸೇರುತ್ತೆ. ನೀಲಿ ಜೆಲ್ ಗುಲಾಬಿ ಆದಾಗ ಹಳೇ ಬಾಣಲೇಲಿ ಸಣ್ಣ ಉರೀಲಿ ಮತ್ತೆ ನೀಲಿ ಆಗೋ ತನಕ ಬಿಸಿ ಮಾಡ್ಕೊಳ್ಳಿ, ಆ ಬಾಣಲೇನ ಆಮೇಲೆ ಅಡುಗೆಗೆ ಬಳಸ್ಬೇಡಿ. ಹದಿನೈದು ದಿನಕ್ಕೊಮ್ಮೆ ಹೊರಗೆ ತೆಗೆದು ಎಲ್ಲಾ ಸ್ಪೀಡಲ್ಲೂ ಶಟರ್ ಒತ್ತಿ. ಬಿಸಿಲು ಇಣುಕಿದ ದಿನ ಲೆನ್ಸ್ ಕಳಚಿ ಅರ್ಧ ಗಂಟೆ ಬಿಸಿಲಿಗಿಡಿ, ಬೂಷ್ಟಿಗೆ ಬಿಸಿಲು ಆಗಿಬರಲ್ಲ. ಆದ್ರೆ ಪೇಪರ್ ಮೇಲೋ ಚಾಪೆ ಮೇಲೋ ಇಡ್ಬೇಡಿ, ಭೂತಗನ್ನಡಿ ಥರ ಬಿಸಿಲನ್ನ ಒಂದೇ ಕಡೆ ಸೇರಿಸಿ ಸುಟ್ಟುಬಿಡುತ್ತೆ, ಜಗಲಿಯ ಸಿಮೆಂಟ್ ಕಟ್ಟೆ ಮೇಲಿಟ್ಟು ಹತ್ರನೇ ಕೂತಿರಿ, ಮೋಡ ಬಂದ ತಕ್ಷಣ ಒಳಗೆ ತಗೊಂಡು ಹೋಗಿ.